ಅರ್ಬತ್‌ನಾಟ್ ಕಂಪನಿಯ ದಿವಾಳಿ

ನಗರದ ಅಪರಾಧವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕನ್ನಗಳವು, ಜೇಬುಗಳ್ಳತನ, ಬೀಗ ಮುರಿದ ಅಂಗಡಿ. ಇವುಗಳಿಂದ ವ್ಯಾಪಾರಕ್ಕೆ ಹಾನಿಯಿಲ್ಲವೆಂದಲ್ಲ. ಕಳವಿನ ಭಯವಿರುವ ಬೀದಿಯಲ್ಲಿ ಅಂಗಡಿಗಳು ಬೇಗನೆ ಮುಚ್ಚುತ್ತವೆ. ಕಾವಲುಗಾರನ ಸಂಬಳವೂ ವಿಮೆಯ ಕಂತೂ ಸರಕಿನ ಬೆಲೆಯ ಮೇಲೆ ಬೀಳುತ್ತವೆ. ಗಿರಾಕಿಯು ಬೇರೆ ಬೀದಿಗೆ ಹೋಗುತ್ತಾನೆ. ಕೊನೆಗೆ ಅಂಗಡಿಯ ಹುಡುಗನಿಗೆ ಕೆಲಸ ತಪ್ಪುತ್ತದೆ. ಆದರೆ ಲೇಖಣಿಯಿಂದ ನಡೆಯುವ ಕಳವು ಇಡೀ ಪಟ್ಟಣವನ್ನೇ ನಡುಗಿಸಬಲ್ಲದು. ನಾವು ವಾಸಿಸುವ ಈ ಚೆನ್ನೈ ನಗರವೇ ಅದಕ್ಕೆ ಸಾಕ್ಷಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದರಾಸಿನ ವಾಣಿಜ್ಯದಲ್ಲಿ ಮೂರು ಆಂಗ್ಲ ಕಂಪನಿಗಳು ಹೆಸರಾಗಿದ್ದುವು: ಪ್ಯಾರಿ, ಬಿನ್ನಿ, ಅರ್ಬತ್‌ನಾಟ್. ಅರ್ಬತ್‌ನಾಟ್ ಕಂಪನಿಯು ವ್ಯಾಪಾರದೊಡನೆ ಲೇವಾದೇವಿಯನ್ನೂ ನಡೆಸುತ್ತಿತ್ತು. ಆ ದೊಡ್ಡ ಹೆಸರನ್ನು ನಂಬಿ ಸಾವಿರಾರು ಜನರು ತಮ್ಮ ಉಳಿತಾಯವನ್ನು ಅಲ್ಲಿ ಠೇವಣಿಯಿಟ್ಟಿದ್ದರು. ಲಂಡನ್ನಿನಲ್ಲಿದ್ದ ಪಾಲುದಾರ ಮ್ಯಾಕ್‌ಫೇಡ್ಯನ್ ಸಟ್ಟಾ ವ್ಯವಹಾರದಲ್ಲಿ ಹಣವನ್ನು ಕಳೆದನು. ಕಂಪನಿಯು ಒಳಗೊಳಗೇ ಟೊಳ್ಳಾಗಿದ್ದರೂ ಹೊಸ ಠೇವಣಿಗಳನ್ನು ಪಡೆಯುವುದು ಮಾತ್ರ ನಿಲ್ಲಲಿಲ್ಲ. 1906ನೆಯ ಅಕ್ಟೋಬರ್ 22, ಸೋಮವಾರ, ಅದು ದಿವಾಳಿಯೆದ್ದಿತು. ಸರ್ ಜಾರ್ಜ್ ಅರ್ಬತ್‌ನಾಟನಿಗೆ ವಂಚನೆಗಾಗಿ 18 ತಿಂಗಳ ಕಠಿಣ ಸಜೆಯಾಯಿತು. ಮ್ಯಾಕ್‌ಫೇಡ್ಯನ್ ವಿಚಾರಣೆಗೆ ಸಿಕ್ಕಲಿಲ್ಲ. ಅವನು ಅದಕ್ಕೆ ಮೊದಲೇ ಸತ್ತಿದ್ದನು.

ಹಣ ಕಳೆದುಕೊಂಡವರು ಠೇವಣಿದಾರರಲ್ಲವೇ, ಅಂಗಡಿಕಾರನಿಗೂ ಕೂಲಿಗಾರನಿಗೂ ಇದರಿಂದೇನು ಎಂದು ವಿದ್ಯಾರ್ಥಿಗಳು ಕೇಳಬಹುದು. ವ್ಯಾಪಾರವು ನಡೆಯುವುದು ನಂಬಿಕೆಯ ಮೇಲೆ. ಮಂಡಿಯ ವರ್ತಕನು ಇಂದು ಸರಕನ್ನು ಉದ್ದರಿಯಾಗಿ ಕೊಟ್ಟು, ತಿಂಗಳಾದ ಮೇಲೆ ಹಣವನ್ನು ಪಡೆಯುತ್ತಾನೆ. ದೊಡ್ಡ ಕೋಠಿಯೊಂದು ಬಿದ್ದೊಡನೆ ಒಬ್ಬನು ಇನ್ನೊಬ್ಬನನ್ನು ಸಂಶಯದಿಂದ ನೋಡತೊಡಗುತ್ತಾನೆ. ಉದ್ದರಿ ನಿಲ್ಲುತ್ತದೆ. ಸಾಲ ಕೊಟ್ಟವರೆಲ್ಲರೂ ಒಮ್ಮೆಗೇ ಬಾಗಿಲಿಗೆ ಬರುತ್ತಾರೆ. ಆಸ್ತಿಯುಳ್ಳ ಪ್ರಾಮಾಣಿಕನೂ ಕೈಯಲ್ಲಿ ನಗದಿಲ್ಲದೆ ಮುಳುಗುತ್ತಾನೆ. ಅವನ ಗುಮಾಸ್ತನೂ ಹಮಾಲನೂ ಅವನೊಡನೆಯೇ ಮುಳುಗುತ್ತಾರೆ. ಬೆಂಗಳೂರಿನ ಗಿರಣಿಯಿಂದಾಗಿ ಕನ್ನಡಿಗರಿಗೆ ಚಿರಪರಿಚಿತವಾದ ಬಿನ್ನಿ ಕಂಪನಿಯೂ ಅದೇ ವರ್ಷ ಸಂಕಟಕ್ಕೆ ಸಿಕ್ಕಿ, ಬಳಿಕ ಇಂಚ್‌ಕೇಪರ ವಶವಾಯಿತು.

ಠೇವಣಿದಾರರ ಪರವಾಗಿ ನಿಂತ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಅವರು, ಭಾರತೀಯರೇ ನಡೆಸುವ ಬ್ಯಾಂಕೊಂದು ಬೇಕೆಂದು ಜನರನ್ನು ಕೂಡಿಸಿದರು. 1907ರ ಆಗಸ್ಟ್ 15ರಂದು ಇಂಡಿಯನ್ ಬ್ಯಾಂಕು ಕಾರ್ಯಾರಂಭ ಮಾಡಿತು. ನಮ್ಮವರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದ್ದರೆಂದು ಹೇಳಲು ಸಂತೋಷವಾಗುತ್ತದೆ. ಆಗ ಮದರಾಸ್ ಆಧಿಪತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ, ಅರ್ಬತ್‌ನಾಟ್ ಬೀಳುವ ಮುನ್ನವೇ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರೂ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳೂ ಬ್ಯಾಂಕುಗಳಿಗೆ ಅಡಿಪಾಯ ಹಾಕಿದ್ದರು.

ಕಾನೂನಿನ ರಕ್ಷಣೆ ಬಹಳ ತಡವಾಗಿ ಬಂದಿತು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ಬಳಿಕ, 1962ರ ಜನವರಿ 1ರಿಂದ ಬ್ಯಾಂಕಿನ ಠೇವಣಿಗಳಿಗೆ ವಿಮೆ ಏರ್ಪಟ್ಟಿತು. ಮೊದಲಿನ ಮಿತಿ 1,500 ರೂಪಾಯಿ. 2020ರಲ್ಲಿ ಅದು 5 ಲಕ್ಷಕ್ಕೇರಿತು. ಖಾಸಗಿ ಹಣಕಾಸು ಕಂಪನಿಗಳಲ್ಲಿಟ್ಟ ಹಣಕ್ಕೆ ಈ ವಿಮೆಯಿಲ್ಲ. ಅಂತಹ ಕಂಪನಿಗಳು ವಂಚಿಸಿದರೆ ಆಸ್ತಿಯನ್ನು ಜಪ್ತಿ ಮಾಡಿ ಠೇವಣಿದಾರರಿಗೆ ಹಂಚಲು ತಮಿಳುನಾಡು 1997ರಲ್ಲಿ ಶಾಸನವೊಂದನ್ನು ಮಾಡಿತು. ಅದು ಠೇವಣಿದಾರರ ಶಾಸನ; ಕೆಲಸ ಕಳೆದುಕೊಂಡ ಗುಮಾಸ್ತನು ಬೇರೆ ಬಾಗಿಲನ್ನೇ ತಟ್ಟಬೇಕು.