ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದರೆ ಬಿಲ್ ಹುಡುಕಿ

ಹೆಸರಘಟ್ಟ ಮುಖ್ಯರಸ್ತೆಯ ಧೂಳು ಚಿಕ್ಕಬಾಣಾವರದ ಮನೆಗಳಿಗೆ ಹೊಸದಲ್ಲ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೆಟ್ಟಾಗ ಸರ್ವಿಸ್ ಸೆಂಟರಿನವರು ‘ಒಳಗೆ ಧೂಳು ಹೋಗಿದೆ, ವಾರಂಟಿ ಸಿಗಲ್ಲ’ ಎಂದರೆ ನಾವು ತಲೆಯಾಡಿಸಿ ಬಂದುಬಿಡುತ್ತೇವೆ. ಆದರೆ ಡಿಸ್ಕಿನ ಒಳಗಿನ ತಟ್ಟೆಗಳಿರುವ ಪೆಟ್ಟಿಗೆ ಬಿಗಿಯಾಗಿ ಮುಚ್ಚಿರುತ್ತದೆ. ಗಾಳಿಗೆಂದು ಸಣ್ಣ ರಂಧ್ರವಿದ್ದರೆ ಅದಕ್ಕೂ ಫಿಲ್ಟರ್ ಇರುತ್ತದೆ. ರಸ್ತೆಯ ಧೂಳು ಕೂರುವುದು ಸಾಮಾನ್ಯವಾಗಿ ಯುಎಸ್‌ಬಿ ಪೋರ್ಟಿನಲ್ಲಿ. ಒಳಗೆ ಹೋಗುವುದು ಯಾರಾದರೂ ಬಿಚ್ಚಿದಾಗ. ಆದ್ದರಿಂದ ನೀವೂ ಬಿಚ್ಚಬೇಡಿ, ಬೀದಿ ಕೊನೆಯ ಮೊಬೈಲ್ ಅಂಗಡಿಯವರಿಗೂ ಕೊಡಬೇಡಿ. ಸೀಲ್ ಒಡೆದ ಡಿಸ್ಕ್ ಹಿಡಿದು ವಾದಿಸುವುದು ಕಷ್ಟ.

ಟಿಕ್ ಟಿಕ್ ಕೇಳಿಸಿದರೆ ಮೊದಲು ಕೇಬಲ್, ಪೋರ್ಟ್ ಬದಲಿಸಿ ನೋಡಿ. ಕರೆಂಟ್ ಸಾಲದಿದ್ದರೂ ಹಾಗೆ ಶಬ್ದ ಬರುತ್ತದೆ. ಆಮೇಲೂ ನಿಲ್ಲದಿದ್ದರೆ, ಕೆರೆದ ಸದ್ದು ಬಂದರೆ, ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಹಿಡಿದರೆ, ತೀರಾ ಬೇಕಾದ ಫೈಲುಗಳನ್ನಷ್ಟೇ ನಕಲು ಮಾಡಿ ಡಿಸ್ಕ್ ಕಳಚಿ. ಕಳಚುವ ಮೊದಲು ಸೀರಿಯಲ್ ನಂಬರ್ ಕಾಣುವಂತೆ ಶಬ್ದದ ವಿಡಿಯೊ ಮಾಡಿ. ಡಿಸ್ಕ್ ಪೂರ್ತಿ ನಿಂತುಹೋದ ಮೇಲೆ ಆ ಸದ್ದಿಗೆ ಬೇರೆ ಸಾಕ್ಷಿ ಸಿಗುವುದಿಲ್ಲ.

ವಾರಂಟಿ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಇಮೇಲ್ ಸಾಕು. ಮುಂದೆ 1915 ಗ್ರಾಹಕ ಸಹಾಯವಾಣಿ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ, ವ್ಯಾಜ್ಯಕಾರಣ ಹುಟ್ಟಿದ 2 ವರ್ಷದೊಳಗೆ ದೂರು ಕೊಡಬಹುದು. ಕಂಪನಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕಿದೆ. ಚಿಕ್ಕಬಾಣಾವರದವರಿಗೆ ಅದು ಬೆಂಗಳೂರು ನಗರ ಜಿಲ್ಲೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ‘ಧೂಳೋ, ತಯಾರಿಕಾ ದೋಷವೋ’ ಎಂಬ ಜಗಳವನ್ನು ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು (38ನೇ ಕಲಂ). ಪರೀಕ್ಷೆಯ ಶುಲ್ಕವನ್ನು ಮಾತ್ರ ದೂರುದಾರರೇ ಮೊದಲು ಕಟ್ಟಬೇಕು.

ಮದುವೆ ಫೋಟೊ ತೆಗೆದು ಜೀವನ ಮಾಡುವವರು ‘ವ್ಯಾಪಾರಕ್ಕೆ ಕೊಂಡಿದ್ದು’ ಎಂದು ಹಿಂಜರಿಯಬೇಕಿಲ್ಲ. ಸ್ವಂತ ದುಡಿಮೆಯ ಜೀವನೋಪಾಯಕ್ಕೆಂದೇ ಕೊಂಡವರೂ ಕಾಯ್ದೆಯ ಕಣ್ಣಿನಲ್ಲಿ ಗ್ರಾಹಕರೇ.

ಹೋದ ಫೋಟೊಗಳ ವಿಷಯ ಬೇರೆ. ವಾರಂಟಿ ಸಾಮಾನ್ಯವಾಗಿ ಡಿಸ್ಕಿಗೆ ಮಾತ್ರ, ಅದರೊಳಗಿನ ಡೇಟಾಕ್ಕಲ್ಲ. ಅದಕ್ಕೆ ಪರಿಹಾರ ಸಿಗುತ್ತದೆಂದು ಯಾರಾದರೂ ಆಸೆ ಹುಟ್ಟಿಸಿದರೆ ನಾನಂತೂ ನಂಬಲಾರೆ. ಡೇಟಾ ರಿಕವರಿಗೆ ಕೊಡುವಾಗ ಡಿಸ್ಕಿನ ಸ್ಥಿತಿ, ಒಪ್ಪಿದ ದರ ಬರೆದ ಜಾಬ್ ಶೀಟ್ ಪಡೆಯಿರಿ. ಅವರ ನಿರ್ಲಕ್ಷ್ಯದಿಂದ ಹಾಳಾದರೆ ಸೇವಾ ನ್ಯೂನತೆಯ ದೂರಿಗೆ ಅದೇ ಆಧಾರ. ಇನ್ನೊಂದು: ಬದಲಿ ಡಿಸ್ಕ್ ಕೊಟ್ಟ ಕಂಪನಿ ಹಳೆಯದನ್ನು ಸಾಮಾನ್ಯವಾಗಿ ತಾನೇ ಇಟ್ಟುಕೊಳ್ಳುತ್ತದೆ. ಡಿಸ್ಕ್ ಇನ್ನೂ ಉಸಿರಾಡುತ್ತಿದ್ದರೆ ಆಧಾರ್, ಬ್ಯಾಂಕ್ ಪ್ರತಿಗಳನ್ನು ಅಳಿಸಿಯೇ ಒಪ್ಪಿಸಿ.