ದೀವದ ಹಕ್ಕಿ: ಕರೆಯುವುದೂ ಅದೇ, ಓಡಿಸುವುದೂ ಅದೇ

ಬಿತ್ತಿದ ಕಾಳು ಮೊಳೆಯುವ ಮುನ್ನ ಒಮ್ಮೆ, ತೆನೆಯಲ್ಲಿ ಹಾಲು ತುಂಬಿದಾಗ ಇನ್ನೊಮ್ಮೆ, ಹೀಗೆ ಒಂದು ಬೆಳೆಗೆ ಎರಡು ಸಲ ಹಕ್ಕಿಗಳು ರೈತನ ಪಾಲಿಗೆ ಬಾಯಿ ಹಾಕುತ್ತವೆ. ಕವಣೆ ಬೀಸಿ, ಡಬ್ಬಿ ಬಡಿದು ಗಂಟಲು ಒಣಗಿಸಿಕೊಳ್ಳುವ ಮೊದಲು ಹಕ್ಕಿಯ ಸ್ವಭಾವವನ್ನು ಸ್ವಲ್ಪ ಅರಿತುಕೊಂಡರೆ ಕೆಲಸವು ಹಗುರಾಗುತ್ತದೆ.

ಆಕಾಶದಲ್ಲಿ ಹಾರುವ ಪಾರಿವಾಳಕ್ಕಾಗಲಿ ಕಾಗೆಗಾಗಲಿ ನೆಲದ ಮೇಲಿನ ಕಾಳಿಗಿಂತ ಮೊದಲು ಕಣ್ಣಿಗೆ ಬೀಳುವುದು ತನ್ನ ಜಾತಿಯ ಹಕ್ಕಿ. ನಾಲ್ಕು ಹಕ್ಕಿಗಳು ತಲೆ ತಗ್ಗಿಸಿ ಮೇಯುತ್ತಿದ್ದರೆ ಅಲ್ಲಿ ಮೇವಿದೆ, ಭಯವಿಲ್ಲ ಎಂದು ತಿಳಿದು ಅದೂ ಇಳಿಯುತ್ತದೆ. ಬೇಟೆಗಾರರು ಈ ಗುಣವನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಬೇಟೆಯನ್ನು ಹತ್ತಿರಕ್ಕೆ ಸೆಳೆಯಲು ಇಡುವ ಪ್ರಾಣಿಗೆ ಕನ್ನಡದಲ್ಲಿ ದೀವ ಎನ್ನುತ್ತಾರೆ. ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು, ಅದರ ಕೂಗಿಗೆ ಬಂದ ಹಕ್ಕಿಗಳನ್ನು ಹಿಡಿಯುತ್ತಿದ್ದುದನ್ನು ಹಿರಿಯರು ಬಲ್ಲರು. ಈಗ ಅದು ಕಾನೂನಿಗೆ ವಿರುದ್ಧ.

ಇಂಗ್ಲೆಂಡಿನ ರೈತರು ಈ ವಿದ್ಯೆಯನ್ನು ಬೆಳೆ ಕಾಯುವುದಕ್ಕೆ ಬಳಸುತ್ತಾರೆ. ಅಲ್ಲಿ ಕಾಡುಪಾರಿವಾಳವೆಂಬ ದೊಡ್ಡ ಜಾತಿಯೊಂದುಂಟು. ತೂಕ ಸುಮಾರು ಅರ್ಧ ಕಿಲೋ. ಬಟಾಣಿ, ಕೋಸು, ಧಾನ್ಯ ಯಾವುದನ್ನೂ ಅದು ಬಿಡದು. ಬೇಟೆಗಾರನು ಮೊದಲು ಹಕ್ಕಿಗಳು ಯಾವ ದಾರಿಯಿಂದ ಬಂದು ಎಲ್ಲಿ ಇಳಿಯುತ್ತವೆಂದು ನೋಡಿಕೊಳ್ಳುತ್ತಾನೆ. ಬಳಿಕ ಬೇಲಿಯ ಮರೆಯಲ್ಲಿ ಕುಳಿತು, ಇಪ್ಪತ್ತು ಇಪ್ಪತ್ತೈದು ಗಜದ ಆಚೆ ಹತ್ತು ಹನ್ನೆರಡು ಬೊಂಬೆ ಪಾರಿವಾಳಗಳನ್ನು ಕುದುರೆಲಾಳದ ಆಕಾರದಲ್ಲಿ ಇಡುತ್ತಾನೆ. ಹಕ್ಕಿ ಯಾವಾಗಲೂ ಗಾಳಿಗೆ ಎದುರಾಗಿ ಇಳಿಯುವುದರಿಂದ ಬೊಂಬೆಗಳ ಮುಖ ಗಾಳಿ ಬೀಸುವ ಕಡೆಗೆ, ಲಾಳದ ಬಾಯಿ ಗಾಳಿ ಹೋಗುವ ಕಡೆಗೆ ಇರಬೇಕು. ಬಂದ ಹಕ್ಕಿ ನಡುವಿನ ಬಯಲಿನಲ್ಲಿ ಇಳಿಯುವಾಗ ಗುಂಡಿಗೆ ಸಿಕ್ಕುತ್ತದೆ. ಆರ್ಚಿ ಕೋಟ್ಸ್ ಎಂಬವರು ಇದನ್ನೇ ಕಸುಬಾಗಿ ಮಾಡಿಕೊಂಡು 1963ರಲ್ಲಿ ಒಂದು ಪುಸ್ತಕವನ್ನೂ ಬರೆದರು. ಅಲ್ಲಿ ಕೂಡ ಇದು ಸರ್ಕಾರದ ಪರವಾನಿಗೆಯ ಷರತ್ತಿಗೆ ಒಳಪಟ್ಟ ಕೆಲಸ.

ಹಾಗಾದರೆ ಕೊಂದುದರಿಂದ ಹಕ್ಕಿ ಕಡಿಮೆಯಾಯಿತೇ? ತೋಟಾಗಳ ಬೆಲೆಯಲ್ಲಿ ಅಲ್ಲಿನ ಸರ್ಕಾರವೇ ಒಂದು ಕಾಲಕ್ಕೆ ಪಾಲು ಕೊಡುತ್ತಿತ್ತು. ಆದರೆ ಮರ್ಟನ್ ಎಂಬ ವಿಜ್ಞಾನಿಯು ಕೇಂಬ್ರಿಜ್ ಸೀಮೆಯಲ್ಲಿ ವರ್ಷಗಟ್ಟಲೆ ಲೆಕ್ಕ ಹಾಕಿ ನೋಡಿದಾಗ ಬೇರೆಯೇ ಸಂಗತಿ ಹೊರಬಿತ್ತು. ಚಳಿಗಾಲದ ಮೇವು ಎಷ್ಟು ಹಕ್ಕಿಗೆ ಸಾಕೋ ಅಷ್ಟೇ ಹಕ್ಕಿ ಉಳಿಯುತ್ತಿತ್ತು. ಗುಂಡಿಗೆ ಬಿದ್ದವುಗಳಲ್ಲಿ ಬಹುಪಾಲು ಹೇಗೂ ಹಸಿವಿನಿಂದ ಸಾಯತಕ್ಕವೇ ಆಗಿದ್ದವು. ಎಂದರೆ ಸಾಯಿಸುವುದು ಬೇರೆ, ಬೆಳೆ ಉಳಿಸುವುದು ಬೇರೆ.

ಮುಂದೆ ಇಂಗ್ಲಿಸ್ ಮತ್ತು ಐಸಾಕ್ಸನ್ ಎಂಬವರು ಬೊಂಬೆಗಳ ಭಂಗಿಯನ್ನೇ ಬದಲಿಸಿ ಪರೀಕ್ಷಿಸಿ, ಫಲವನ್ನು 1984ರಲ್ಲಿ ಪ್ರಕಟಿಸಿದರು. ರೆಕ್ಕೆ ಮಡಚಿದ ಹಕ್ಕಿ ಉಳಿದವನ್ನು ಕರೆಯಿತು. ರೆಕ್ಕೆ ಬಿಚ್ಚಿ ಬಿಳಿಪಟ್ಟೆ ಕಾಣುವಂತೆ ಇಟ್ಟ ಹಕ್ಕಿ ಅವನ್ನು ಹೆದರಿಸಿತು. ಹಾರಿ ಓಡುವಾಗಲೇ ಆ ಪಟ್ಟೆ ಕಾಣುವುದರಿಂದ ಅದು ಅಪಾಯದ ಗುರುತು. ನಮ್ಮ ರೈತರು ಸತ್ತ ಕಾಗೆಯನ್ನು ಕೋಲಿಗೆ ನೇತುಹಾಕುವುದರ ಮರ್ಮವೂ ಇಂಥದೇ.

ಆದರೆ ಅದಕ್ಕಾಗಿ ಕಾಗೆಯನ್ನು ಕೊಲ್ಲಬಾರದು. 1972ರ ವನ್ಯಜೀವಿ ಕಾಯಿದೆಯಲ್ಲಿ ಕಾಗೆಯು ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿತ್ತು. 2022ರ ತಿದ್ದುಪಡಿಯು ಆ ಪಟ್ಟಿಯನ್ನೇ ತೆಗೆದುಹಾಕಿತು. ಅದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಡಿಯ ಈಚೆಗಾಗಲಿ ಆಚೆಗಾಗಲಿ ಈ ಕಾನೂನು ಒಂದೇ. ಮೇಲಾಗಿ ನೇಗಿಲ ಹಿಂದೆ ನಡೆಯುತ್ತ ಹುಳುಗಳನ್ನು ಹೆಕ್ಕುವುದೂ ಇದೇ ಕಾಗೆ. ಆದುದರಿಂದ ಕೆಳಗಿನಂತೆ ಮಾಡಿರಿ:

1. ಪಾರಿವಾಳವು ನೆಲ ಕೆದಕುವುದಿಲ್ಲ. ಮೇಲೆ ಬಿದ್ದ ಕಾಳನ್ನು ಮಾತ್ರ ಹೆಕ್ಕುತ್ತದೆ. ಕೂರಿಗೆಯ ಹಿಂದೆಯೇ ಕುಂಟೆ ಹಾಯಿಸಿ ಕಾಳು ಮುಚ್ಚಿರಿ. ಚೆಲ್ಲಿದ ಕಾಳನ್ನು ಅಂದೇ ಆರಿಸಿರಿ. ಕಾಗೆಯು ಮಾತ್ರ ಶೇಂಗಾ, ಗೋವಿನಜೋಳಗಳನ್ನು ಕೊಕ್ಕಿನಿಂದ ತೋಡಿ ತೆಗೆಯುತ್ತದೆ.

2. ಹಳೆಯ ಕರಿ ಬಟ್ಟೆಯಲ್ಲಿ ಹುಲ್ಲು ತುಂಬಿ ಕಾಗೆಯ ಗಾತ್ರದ ಬೊಂಬೆ ಹೊಲಿಯಿರಿ. ರೆಕ್ಕೆಗಳು ಜೋತಾಡುವಂತೆ ಬಿಟ್ಟು, ತಲೆಕೆಳಗಾಗಿ ಉದ್ದನೆಯ ಗಳಕ್ಕೆ ಹಗ್ಗದಿಂದ ಕಟ್ಟಿರಿ. ಗಾಳಿಗೆ ಅದು ಅಲುಗಾಡಬೇಕು. ನೆಲದ ಮೇಲೆ ಕೂಡ್ರಿಸಿದರೆ ಅದೇ ದೀವವಾಗಿ ಉಳಿದ ಕಾಗೆಗಳನ್ನು ಕರೆದೀತು!

3. ಹಕ್ಕಿ ಬರುವ ದಾರಿಯನ್ನು ಎರಡು ಮುಂಜಾನೆ ನಿಂತು ನೋಡಿ, ಆ ದಿಕ್ಕಿನ ಬದುವಿನಲ್ಲಿ ಗಳ ನೆಡಿರಿ.

4. ಹಕ್ಕಿ ಹೊಲದ ರುಚಿ ಕಾಣುವ ಮೊದಲೇ ನೆಡಿರಿ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿರಿ. ಮೊಳಕೆ ಬಲಿತ ಕೂಡಲೆ ತೆಗೆದಿಟ್ಟು, ತೆನೆಗೆ ಹಾಲು ತುಂಬಿದಾಗ ಮತ್ತೆ ಹೊರತನ್ನಿರಿ. ವರ್ಷವಿಡೀ ನಿಂತ ಬೊಂಬೆಯ ತಲೆಯ ಮೇಲೆಯೇ ಕಾಗೆ ಕೂಡುತ್ತದೆ.

5. ವಿಷ ಬೆರೆಸಿದ ಕಾಳನ್ನು ಎಂದಿಗೂ ಎರಚಬೇಡಿರಿ. ಅದನ್ನು ತಿನ್ನಲು ನವಿಲೂ ಬರುತ್ತದೆ, ಮನೆಯ ಕೋಳಿಯೂ ಬರುತ್ತದೆ. ನವಿಲು ಸತ್ತರೆ ಸೆರೆಮನೆಯ ಮಾತು.

ಬೊಂಬೆಯೊಂದೇ ಬೆಳೆಯನ್ನು ಕಾಯಲಾರದು. ಮುಂಜಾನೆ ಸಂಜೆ ಮೇವಿನ ಹೊತ್ತಿನಲ್ಲಿ ಅಟ್ಟದ ಮೇಲೆ ಒಬ್ಬರು ಇರಲೇಬೇಕು. ನೆರೆಯ ನಾಲ್ಕಾರು ಹೊಲದವರು ಒಂದೇ ವಾರದಲ್ಲಿ ಬಿತ್ತಿದರೆ ಹಕ್ಕಿಗಳ ಕಾಟ ಎಲ್ಲರಿಗೂ ಹಂಚಿಹೋಗುತ್ತದೆ. ಮುಂಚೆ ಬಿತ್ತಿದ ಒಂಟಿ ಹೊಲಕ್ಕೇ ಹೆಚ್ಚು ಪೆಟ್ಟು. ಬರುವ ಬಿತ್ತನೆಗೆ ಎರಡು ಬೊಂಬೆ ಹೊಲಿದಿಟ್ಟುಕೊಳ್ಳಿರಿ. ಖರ್ಚು ಹಳೆಯ ಬಟ್ಟೆಯದಷ್ಟೇ. ಉಳಿಯುವುದು ಮನೆಯ ರೊಟ್ಟಿ.