ಸೋತವರ ಕೋಟೆಗೆ ದಾರಿ: ವೇಲ್ಸ್‌ನ ಕಾಸ್ಟೆಲ್-ಅ-ಬೆರೆ

ವೇಲ್ಸ್‌ಗೆ ಹೋದವರು ಕೋಟೆ ನೋಡದೆ ಮರಳುವುದಿಲ್ಲ. ಹೆಚ್ಚಿನವರು ನೋಡುವುದು ಕರ್ನಾರ್ವನ್, ಕಾನ್ವಿ, ಹಾರ್ಲೆಕ್. ಮೂರನ್ನೂ ಕಟ್ಟಿಸಿದವನು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್, ಅದೂ ವೇಲ್ಸ್ ಜನರನ್ನು ಅಂಕೆಯಲ್ಲಿಡಲು. ಅವನ ಎದುರು ನಿಂತು ಸೋತವರೂ ಕೋಟೆ ಕಟ್ಟಿದ್ದರು. ಕಾಡೈರ್ ಇಡ್ರಿಸ್ ಬೆಟ್ಟದ ತಪ್ಪಲಿನ ಡಿಸಿನ್ನಿ ಕಣಿವೆಯಲ್ಲಿ, ಕುರಿ ಮೇಯುವ ಬಯಲಿನ ನಡುವೆ ಎದ್ದುನಿಂತ ಉದ್ದನೆಯ ಬಂಡೆಯ ಮೇಲೆ ಅವುಗಳಲ್ಲೊಂದಾದ ಕಾಸ್ಟೆಲ್-ಅ-ಬೆರೆ ಪಾಳುಬಿದ್ದಿದೆ. ವೇಲ್ಸ್‌ನಲ್ಲಿ ಒಂದೇ ಕೋಟೆಗೆ ಪುರುಸೊತ್ತಿದ್ದರೂ ಇದನ್ನೇ ನೋಡಿ ಎನ್ನುತ್ತೇನೆ.

1221ರಲ್ಲಿ ವೇಲ್ಸ್‌ನ ಗ್ವಿನೆಡ್ ಸಂಸ್ಥಾನದ ಅರಸ ಲುವೆಲಿನ್ ಅಬ್ ಇಯೊರ್ವರ್ತ್ ತನ್ನ ಮಗ ಗ್ರಿಫಿದ್‌ನಿಂದಲೇ ಈ ಸೀಮೆಯನ್ನು ಕಿತ್ತುಕೊಂಡ. ಹಾಗೆ ಕೈವಶವಾದ ನೆಲವನ್ನು ಕಾಯಲು ಕಟ್ಟಿಸತೊಡಗಿದ್ದೇ ಈ ಕೋಟೆ. ಅವನ ಮೊಮ್ಮಗ ಲುವೆಲಿನ್ ಅಪ್ ಗ್ರಿಫಿದ್ 1282ರ ಡಿಸೆಂಬರಿನಲ್ಲಿ ಇಂಗ್ಲಿಷರ ಕೈಯಲ್ಲಿ ಹತನಾದ ಮೇಲೆ ತಮ್ಮ ದಾವಿದ್ ಹೋರಾಟ ಮುಂದುವರಿಸಿದ. ಒಂದರ ಹಿಂದೊಂದು ಕೋಟೆ ಕೈತಪ್ಪಿದರೂ ಕೊನೆಕೊನೆಯವರೆಗೆ ಉಳಿದವುಗಳಲ್ಲಿ ಇದೂ ಒಂದು. ಎಡ್ವರ್ಡ್‌ನ ಪರವಾಗಿ ವಿಲಿಯಂ ಡಿ ವಾಲೆನ್ಸ್ 3,000ಕ್ಕೂ ಹೆಚ್ಚು ಜನರ ಸೇನೆಯೊಂದಿಗೆ ಬಂದು ಮುತ್ತಿಗೆ ಹಾಕಿದ. 1283ರ ಏಪ್ರಿಲ್ 25ರಂದು ಒಳಗಿದ್ದ ಸಣ್ಣ ಕಾವಲುಪಡೆ ಶರಣಾಯಿತು. ದಾವಿದ್ ಅದಕ್ಕೂ ಮೊದಲೇ ತಪ್ಪಿಸಿಕೊಂಡಿದ್ದರೂ ಜೂನ್‌ನಲ್ಲಿ ಸಿಕ್ಕಿಬಿದ್ದ. ಶ್ರೂಸ್‌ಬರಿಯಲ್ಲಿ ಅವನನ್ನು ಅತಿ ಕ್ರೂರವಾಗಿ ಕೊಂದರು.

ಎಡ್ವರ್ಡ್ ಕೋಟೆಯನ್ನು ರಿಪೇರಿ ಮಾಡಿಸಿ, ಪಕ್ಕದಲ್ಲಿ ಒಂದು ಪೇಟೆಯನ್ನೂ ಸ್ಥಾಪಿಸಿದ. ಆದರೆ ಪೇಟೆ ಬೆಳೆಯಲಿಲ್ಲ. 1294ರಲ್ಲಿ ಇಂಗ್ಲಿಷರ ವಿರುದ್ಧ ಮಾಡೋಗ್ ಅಪ್ ಲುವೆಲಿನ್‌ನ ದಂಗೆ ಎದ್ದಾಗ ಕೋಟೆಗೆ ಮತ್ತೆ ಮುತ್ತಿಗೆ ಬಿತ್ತು. ಅದಾದ ಮೇಲೆ ಇಲ್ಲಿ ಯಾರೂ ನೆಲೆಸಲಿಲ್ಲ. ಕಟ್ಟಿ ಮುಗಿಸಿ ನೂರು ವರ್ಷ ತುಂಬುವ ಮೊದಲೇ ಕೋಟೆಯ ಕಥೆ ಮುಗಿದಿತ್ತು.

ರಸ್ತೆಬದಿಯ ಚಿಕ್ಕ ಪಾರ್ಕಿಂಗ್ ಜಾಗದಿಂದ ಗೇಟು ದಾಟಿ ಕಾಲುದಾರಿ ಹಿಡಿದರೆ, ಅದು ಬಂಡೆಯನ್ನು ಬಳಸಿಕೊಂಡು ಮೇಲೇರುತ್ತದೆ. ಏರು ದೊಡ್ಡದಲ್ಲ. ಬಾಗಿಲ ಹತ್ತಿರ ಅವಸರ ಮಾಡಬೇಡಿ. ಬಂಡೆಯನ್ನೇ ಕಡಿದು ಮಾಡಿದ ಕಂದಕ, ಅದರ ಮೇಲೆ ಅಂದು ಎತ್ತಿಳಿಸುವ ಸೇತುವೆ, ಅದನ್ನು ದಾಟಿದರೂ ಇನ್ನೊಂದು ಬಾಗಿಲು. ಎದುರಿಗೇ ಚೌಕಾಕಾರದ ನಡುಬುರುಜು. ನುಗ್ಗಿ ಬಂದವನು ಪ್ರತಿ ಹೆಜ್ಜೆಗೂ ಮೇಲಿನವರ ಬಾಣದ ಗುರಿಯಲ್ಲೇ ಇರುತ್ತಿದ್ದ. ಒಳ ಅಂಗಳದಲ್ಲಿ ಬಂಡೆ ಕೊರೆದು ತೋಡಿದ ಬಾವಿಯಿದೆ. ಮುತ್ತಿಗೆಯ ದಿನಗಳಲ್ಲಿ ಪ್ರಾಣ ಹಿಡಿದಿಟ್ಟದ್ದು ಇಂಥ ನೀರೇ.

ಉತ್ತರ ಮತ್ತು ದಕ್ಷಿಣದ ತುದಿಗಳಲ್ಲಿ ಕುದುರೆಯ ಲಾಳದಂತೆ ಒಂದು ಕಡೆ ದುಂಡಗೆ ಚಾಚಿದ ಎರಡು ಬುರುಜುಗಳಿವೆ. ವೇಲ್ಸ್ ಅರಸರ ಕಟ್ಟಡದ ಗುರುತೇ ಇದು. ದುಂಡು ಭಾಗ ಗೋಡೆಯಿಂದಾಚೆಗೆ ಚಾಚಿರುವುದರಿಂದ ಬಿಲ್ಲುಗಾರನಿಗೆ ಮೂರು ದಿಕ್ಕೂ ಕಾಣುತ್ತಿತ್ತು. 19ನೆಯ ಶತಮಾನದಲ್ಲಿ ಇಲ್ಲಿ ಅಗೆದಾಗ ಸೊಗಸಾದ ಕೆತ್ತನೆಯ ಕಲ್ಲುಗಳು ಸಿಕ್ಕವು. ಅವೀಗ ವೇಲ್ಸ್ ರಾಷ್ಟ್ರೀಯ ವಸ್ತುಸಂಗ್ರಹಾಲಯದ ವಶದಲ್ಲಿವೆ. ಇಂಥ ಕೆತ್ತನೆ ಮಾಡಿಸಿದವರನ್ನು ಬರೀ ಬೆಟ್ಟಗಾಡಿನ ಪಾಳೆಗಾರರೆಂದು ತಳ್ಳಿಹಾಕುವುದು ಅನ್ಯಾಯ.

ಪ್ರವೇಶಕ್ಕೆ ಶುಲ್ಕವಿಲ್ಲ, ಕಾವಲುಗಾರರಿಲ್ಲ, ಅಂಗಡಿ ಹೋಟೆಲುಗಳೂ ಇಲ್ಲ. ಬುತ್ತಿ, ನೀರು ಕಟ್ಟಿಕೊಂಡೇ ಹೋಗಿ. ಮಳೆ ಯಾವಾಗ ಬೇಕಾದರೂ ಸುರಿಯುವ ಸೀಮೆ. ರೇನ್‌ಕೋಟು, ಹಿಡಿತವಿರುವ ಶೂ ಬೇಕೇಬೇಕು. ಒದ್ದೆಯಾದ ಕಲ್ಲು ಜಾರುತ್ತದೆ, ಗೋಡೆಯಾಚೆ ಕಡಿದಾದ ಇಳಿಜಾರಿದೆ. ಮಕ್ಕಳ ಕೈ ಬಿಡಬೇಡಿ. ತೆರೆದ ಗೇಟನ್ನು ಮುಚ್ಚಿಯೇ ಮುಂದೆ ಹೋಗಿ, ಇಲ್ಲದಿದ್ದರೆ ಕುರಿಗಳು ಹೊರಬೀಳುತ್ತವೆ. ಮೇ, ಜೂನ್ ತಿಂಗಳು ಒಳ್ಳೆಯದು, ಹಗಲು ಉದ್ದ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ.

ಕಾರಿದ್ದರೆ ಸಲೀಸು, ಆದರೆ ಕೊನೆಯ ದಾರಿ ಒಂದೇ ವಾಹನದಷ್ಟು ಅಗಲ. ಎದುರಿನವರಿಗೆ ಜಾಗ ಬಿಡಲು ಹಿಂದಕ್ಕೆ ಓಡಿಸಲು ಬರಬೇಕು. ರೈಲಿನಲ್ಲಾದರೆ ಬರ್ಮಿಂಗ್‌ಹ್ಯಾಮ್‌ನಿಂದ ಶ್ರೂಸ್‌ಬರಿ ಮಾರ್ಗವಾಗಿ ಟೊವಿನ್ ಎಂಬ ಕಡಲತೀರದ ಊರಿಗೆ ಬನ್ನಿ. ದಾರಿಯಲ್ಲಿ ರೈಲು ಎರಡಾಗಿ ಒಡೆದು ಅರ್ಧ ಅಬರಿಸ್ಟ್ವಿತ್ ಕಡೆಗೆ ಹೋಗುತ್ತದೆ. ನೀವು ಪುಲ್ಹೆಲಿ ಕಡೆಯ ಬೋಗಿಯಲ್ಲಿ ಕೂರಬೇಕು. ಟೊವಿನ್‌ನಿಂದ ತಾಲಿಲ್ಲಿನ್ ಎಂಬ ಪುಟ್ಟ ಉಗಿಬಂಡಿ ಅಬರ್‌ಗನೋಲ್ವಿನ್‌ಗೆ ಹೋಗುತ್ತದೆ. 1865ರಲ್ಲಿ ಶುರುವಾದ ಈ ರೈಲನ್ನು 1951ರಿಂದ ಸ್ವಯಂಸೇವಕರು ಉಳಿಸಿಕೊಂಡು ಬಂದಿದ್ದಾರೆ. ವರ್ಷವಿಡೀ ಓಡುವುದಿಲ್ಲ, ವೇಳಾಪಟ್ಟಿ ನೋಡಿಯೇ ಹೊರಡಿ. ಅಲ್ಲಿಂದ ಕೋಟೆಗೆ ನಾಲ್ಕೈದು ಕಿ.ಮೀ. ನಡಿಗೆ.

ಕೋಟೆಯ ಮೇಲಿಂದ ಕಾಣುವ ಹಕ್ಕಿಬಂಡೆ, ಅಂದರೆ ಕ್ರೈಗ್-ಅರ್-ಅಡೆರಿನ್, ಸಮುದ್ರದಿಂದ ಮೈಲಿಗಟ್ಟಲೆ ಒಳಗಿದ್ದರೂ ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತವೆ. ಹತ್ತಿರದ ಲಾನ್‌ವಿಹಾಂಗೆಲ್ ಹಳ್ಳಿಯ ಮೇರಿ ಜೋನ್ಸ್ ಎಂಬ ಹುಡುಗಿ 1800ರಲ್ಲಿ ತನ್ನ ಭಾಷೆಯ ಬೈಬಲ್ ಕೊಳ್ಳಲು ಸುಮಾರು 40 ಕಿ.ಮೀ. ದೂರದ ಬಾಲಾ ಊರಿಗೆ ನಡೆದುಹೋಗಿದ್ದಳು. ಅವಳ ಪಾಳುಬಿದ್ದ ಮನೆಯನ್ನೂ, ಊರ ಚರ್ಚನ್ನೂ ನೋಡಿ ಬನ್ನಿ.

ಮರುದಿನ ಅದೇ ಕರಾವಳಿ ರೈಲಿನಲ್ಲಿ ಉತ್ತರಕ್ಕೆ ಹಾರ್ಲೆಕ್‌ಗೆ ಹೋಗಬಹುದು. ಬೆರೆ ಕೋಟೆ ಬಿದ್ದ ಕೂಡಲೇ ಎಡ್ವರ್ಡ್‌ನ ಸೈನಿಕರು ಇಲ್ಲಿಂದ ಬೆಟ್ಟ ದಾಟಿ ಅಲ್ಲಿಗೆ ಹೋದರು. 1283ರಲ್ಲೇ ಹಾರ್ಲೆಕ್‌ನ ಕಟ್ಟಡ ಶುರುವಾಯಿತು. ಅಲ್ಲಿ ಟಿಕೆಟ್ ಇದೆ.